ಉಪ್ಪುಕಾಗದದ ಅಕ್ಷರಗಳು

ಚಿಕ್ಕಮಗಳೂರು
ಬುಧವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಒಲೆ ಮೇಲೆ ಹಾಲಿತ್ತು, ಹೊರಗೆ ಗುಡುಗು, ಕರೆಂಟ್ ಬೇರೆ ಹೋಗಿ ಬಂದು ಮಾಡುತ್ತಿತ್ತು. "ಏನೇನೋ ಕಲಿತೆ ಬಿಡೇ, ಬಂದ ಮೇಲೆ ಹೇಳ್ತೀನಿ" ಅಂದುಬಿಟ್ಟೆ. ಫೋನ್ ಇಟ್ಟ ಮೇಲೂ ನಿನ್ನ ದನಿ ಕಿವಿಯಲ್ಲೇ ಇತ್ತು. ಅತ್ತೆ ಮಕ್ಕಳೆಲ್ಲ ಸೇರಿ "ನೀನು ಆ ಮಾಂಟೆಸ್ಸರಿ ಶಾಲೆಯಲ್ಲಿ ಮೂರು ವರ್ಷ ಬರೀ ಪಾತ್ರೆ ತೊಳೆದೆ" ಎಂದು ರೇಗಿಸಿದರಂತೆ. ನೀನು ನಗಲಿಲ್ಲ. "ಅಮ್ಮ, ನಿಜವಾಗ್ಲೂ ನಾನು ಅಲ್ಲಿ ಏನು ಕಲಿತೆ?" ಎಂದು ಕೇಳಿದೆ. ನಾಳೆ ಮಾವ ಬೇಲೂರಿಗೆ ವಾಪಸ್ ಬರುತ್ತಾರೆ. ಅವರ ಕೈಯಲ್ಲೇ ಈ ಪತ್ರ ಕಳಿಸುತ್ತಿದ್ದೇನೆ.

ಪಾತ್ರೆ ತೊಳೆದದ್ದು ನಿಜ ಪುಟ್ಟಿ. ಅದನ್ನು ಮುಚ್ಚಿಡುವುದು ಏನಿದೆ? ಪುಟ್ಟದೊಂದು ಮೇಜು, ಎರಡು ಬೋಗುಣಿ, ಅಂಗೈಯಲ್ಲಿ ಹಿಡಿಯುವಷ್ಟು ತೆಂಗಿನ ನಾರು. ಒಂದರಲ್ಲಿ ಉಜ್ಜಬೇಕು, ಇನ್ನೊಂದರಲ್ಲಿ ಜಾಲಿಸಬೇಕು, ಬಟ್ಟೆಯಲ್ಲಿ ಒರೆಸಬೇಕು. ಕೊನೆಗೆ ನೆಲಕ್ಕೆ ಚೆಲ್ಲಿದ ನೀರನ್ನೂ ಒರೆಸಿ, ಎಲ್ಲವನ್ನೂ ಇದ್ದ ಜಾಗಕ್ಕೆ ಇಡಬೇಕು, ಮುಂದೆ ಬರುವ ಮಗುವಿಗೆ ಸಿಗುವ ಹಾಗೆ. 2017ರ ಜೂನ್‌ನಲ್ಲಿ ಸೇರಿದಾಗ ನಿನಗೆ ಇನ್ನೂ ಮೂರು ತುಂಬಿರಲಿಲ್ಲ. ತೊಳೆದ ಲೋಟವನ್ನು ಕಿಟಕಿ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. ಆ ನೋಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ನೀನು ಕಲಿತದ್ದರ ಪಟ್ಟಿ ನನ್ನ ಹತ್ತಿರ ಇಲ್ಲ. ಅದು ನಿನ್ನ ಕೈಗೇ ಗೊತ್ತು. ನಮ್ಮ ಮನೆಯವರೆಲ್ಲ ಅಲ್ಲಿ ಏನು ಕಲಿತೆವು ಅನ್ನುವುದನ್ನು ಮಾತ್ರ ನಾನು ಹೇಳಬಲ್ಲೆ.

ಎರಡನೇ ವರ್ಷದ ಜುಲೈ. ನಮ್ಮೂರ ಮಳೆ ನಿನಗೆ ಗೊತ್ತಲ್ಲ, ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಶಾಲೆ ಬಿಟ್ಟ ಹೊತ್ತು. ಜಗಲಿಯಲ್ಲಿ ನೀನು ಹಳದಿ ರೈನ್‌ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದೆ. ಗೇಟಿನಲ್ಲಿ ಆಟೋ ನಿಂತಿತ್ತು, ನಾನು ಮತ್ತೆ ಆಫೀಸಿಗೆ ಓಡಬೇಕಿತ್ತು. ಐದು ಗುಂಡಿ. ನೀನು ಮೊದಲನೆಯದನ್ನೇ ಎರಡನೇ ಕಾಜಾಕ್ಕೆ ಹಾಕಿದ್ದೆ. ನನಗೆ ಕಾಣುತ್ತಿತ್ತು, ನಿನಗೆ ಕಾಣುತ್ತಿರಲಿಲ್ಲ. ಕೈ ತಾನಾಗಿಯೇ ಮುಂದೆ ಹೋಯಿತು. ಪಕ್ಕದಲ್ಲಿದ್ದ ನಿಮ್ಮ ಟೀಚರ್, ನೀವೆಲ್ಲ ಕರೆಯುತ್ತಿದ್ದ ಹಾಗೆ ಆಂಟಿ, ಏನೂ ಹೇಳಲಿಲ್ಲ, ನನ್ನ ಮೊಣಕೈಯನ್ನು ಮೆಲ್ಲಗೆ ಮುಟ್ಟಿದರು, ಅಷ್ಟೇ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

ಕೆಳಗಿನವರೆಗೂ ಹೋದೆ ನೀನು. ಕೊನೆಗೆ ಒಂದು ಗುಂಡಿ ಉಳಿಯಿತು, ಅದಕ್ಕೆ ಕಾಜಾ ಇಲ್ಲ. ಅದನ್ನೇ ನೋಡುತ್ತಾ ನಿಂತೆ. ಅಳುತ್ತೀಯ ಅಂದುಕೊಂಡೆ. ಅಳಲಿಲ್ಲ. ಒಂದೊಂದೇ ಗುಂಡಿ ಬಿಚ್ಚಿ, ಈ ಸಲ ಕೆಳಗಿನಿಂದ ಶುರು ಮಾಡಿದೆ. ಕೊನೇ ಗುಂಡಿ ಕುತ್ತಿಗೆ ಹತ್ತಿರ ಕೂತಾಗ ತಲೆ ಎತ್ತಿ ನನ್ನನ್ನು ನೋಡಲೂ ಇಲ್ಲ, ನೇರ ಆಟೋ ಕಡೆಗೆ ನಡೆದೆ. ಎಷ್ಟು ಹೊತ್ತಾಯಿತು? ಬಹುಶಃ ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಸುಮ್ಮನಿರುವುದು ನನಗೆ ತುಂಬಾ ಕಷ್ಟವಾಯಿತು. ಅಲ್ಲಿಯವರೆಗೆ ನಿನ್ನ ಎಷ್ಟು ಗುಂಡಿಗಳನ್ನು ನಾನೇ ಹಾಕಿದ್ದೆನೋ ಲೆಕ್ಕವಿಲ್ಲ. ಪ್ರೀತಿಯಿಂದಲೇ ಹಾಕಿದ್ದು. ಆದರೆ ಪ್ರತಿ ಸಲವೂ ನಿನ್ನ ಕೈಯ ಕೆಲಸವನ್ನು ನಾನು ಕಸಿದುಕೊಂಡಿದ್ದೆ.

ನನಗೆ ಭಯವೂ ಇತ್ತು, ಅದನ್ನು ನಿನಗೆ ಯಾವತ್ತೂ ಹೇಳಿಲ್ಲ. ಪಕ್ಕದ ಮನೆಯ ಮಗು ಎಲ್‌ಕೆಜಿಯಲ್ಲಿ ನೂರರವರೆಗೆ ಬರೆಯುತ್ತಿತ್ತು. ನಿನ್ನ ಬ್ಯಾಗಿನಲ್ಲಿ ಪುಸ್ತಕವೇ ಇರುತ್ತಿರಲಿಲ್ಲ. ಒಂದು ಸಂಜೆ ಯಾರಿಗೂ ಹೇಳದೆ ಕಾಪಿ ಪುಸ್ತಕ ತಂದು ನಿನ್ನ ಕೈಯಲ್ಲಿ 'ಅ' ಬರೆಸಿದೆ. ಎರಡು ಸಾಲು ಬರೆದು, "ಅಮ್ಮ, ನಿಂಗೆ ಇಷ್ಟು ಸಾಕಾ?" ಎಂದು ಕೇಳಿದೆ. 'ನಿಂಗೆ' ಅಂದೆಯಲ್ಲ, ಆ ಮಾತು ನನ್ನನ್ನು ಚುಚ್ಚಿತು.

ಮಾರನೇ ದಿನ ಆಂಟಿ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಉದ್ದನೆಯ ಮರದ ದಿಮ್ಮಿಯೊಂದನ್ನು ತಂದು ಮುಂದಿಟ್ಟರು. ಅದರಲ್ಲಿ ಹತ್ತು ಗುಳಿ, ಪ್ರತಿ ಗುಳಿಗೆ ಸರಿಯಾಗಿ ಕೂರುವ ಒಂದೊಂದು ಉರುಳೆ, ಉರುಳೆಯ ತಲೆಗೆ ಸಣ್ಣ ಹಿಡಿ. "ಎತ್ತಿ ನೋಡಿ" ಅಂದರು. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು. ಆ ಹಿಡಿಯನ್ನು ಬೇರೆ ಹೇಗೂ ಹಿಡಿಯಲು ಬರುವುದಿಲ್ಲ. "ಇವೇ ಮೂರು ಬೆರಳು ನಾಳೆ ಪೆನ್ಸಿಲ್ ಹಿಡಿಯೋದು. ನಿಮ್ಮ ಮಗಳು ದಿನಾ ಬರೀತಾನೇ ಇದ್ದಾಳೆ, ಕಾಗದ ಇನ್ನೂ ಬಂದಿಲ್ಲ ಅಷ್ಟೇ" ಅಂದರು. ತಪ್ಪು ಗುಳಿಗೆ ಹಾಕಿದರೆ ಕೊನೆಗೆ ಒಂದು ಉರುಳೆ ಉಳಿದುಬಿಡುತ್ತದೆ, ನಿನ್ನ ರೈನ್‌ಕೋಟಿನ ಗುಂಡಿ ಹಾಗೆ. ತಪ್ಪಾಗಿದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ನಿನ್ನ ಅಜ್ಜಿಯನ್ನು ಒಪ್ಪಿಸುವುದು ಮಾತ್ರ ಇಷ್ಟು ಸುಲಭವಿರಲಿಲ್ಲ. "ಗುಡಿಸೋದು, ಒರೆಸೋದು ಕಲಿಸೋಕೆ ಫೀಸು ಬೇರೆ ಕೊಡ್ಬೇಕಾ? ನಾನೇ ಕಲಿಸ್ತಿದ್ನಲ್ಲ" ಅನ್ನುತ್ತಿದ್ದರು. ಈ ಮಾತು ಹೇಗೋ ಆಂಟಿ ಕಿವಿಗೆ ಬಿತ್ತು. "ಹಾಗಾದ್ರೆ ಒಂದಿನ ನೀವೇ ಬಂದು ಕಲಿಸಿ ಅಮ್ಮ" ಎಂದು ಮನೆಗೇ ಬಂದು ಕರೆದರು. ಅವರೆಕಾಯಿ ಕಾಲ. ಅಜ್ಜಿ ಹಿಂದಿನ ರಾತ್ರಿಯೇ ಕಾಳು ನೆನೆಹಾಕಿ, ದೊಡ್ಡ ಪಾತ್ರೆಯ ಸಮೇತ ಹೊರಟರು. ಚಾಪೆ ಮೇಲೆ ಕೂತು, ಒಂದು ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಹಿದುಕಿದರು. ಸಿಪ್ಪೆ ಕೈಯಲ್ಲೇ ಉಳಿಯಿತು, ಬೇಳೆ ಟಪ್ ಅಂತ ಬಟ್ಟಲಿಗೆ ಹಾರಿತು. ಎಂಟು ಹತ್ತು ಮಕ್ಕಳು ಉಸಿರು ಬಿಡದೆ ನೋಡುತ್ತಿದ್ದವು. ಆಮೇಲೆ ಒಬ್ಬೊಬ್ಬರೇ ಶುರು ಮಾಡಿದವು. ಬೇಳೆ ಗೋಡೆಗೆ ಹಾರಿತು, ಆಂಟಿ ಸೀರೆಗೆ ಹಾರಿತು, ಹಾರಿದ್ದನ್ನು ಹುಡುಕಿ ತಂದು ಮತ್ತೆ ಬಟ್ಟಲಿಗೆ ಹಾಕಿದವು. ನಿನ್ನ ಪಕ್ಕದಲ್ಲಿದ್ದ ಪುಟಾಣಿಗೆ ಜಾರಿ ಜಾರಿ ಹೋಗುತ್ತಿತ್ತು. ನೀನು ಅದರ ಕಾಳನ್ನು ಹಿದುಕಿಕೊಡಲಿಲ್ಲ. ನಿನ್ನ ಬೆರಳನ್ನೇ ಅದರ ಕಣ್ಣ ಮುಂದೆ ಹಿಡಿದು, ನಿಧಾನವಾಗಿ ಮತ್ತೊಮ್ಮೆ ಮಾಡಿ ತೋರಿಸಿದೆ. ಇದನ್ನು ನಾನು ನೋಡಲಿಲ್ಲ. ಅಜ್ಜಿ ನೋಡಿ ಬಂದು ಹೇಳಿದ್ದು, ಅದೂ ಮೂರು ಸಲ.

ಆ ರಾತ್ರಿ ಹಿದುಕವರೆ ಸಾರು ಬಡಿಸುತ್ತಾ, "ಇದು ಯಾವ ದೇಶದ ಪದ್ಧತಿಯೇ?" ಎಂದು ಅಜ್ಜಿ ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. ನೀನೂ ಕೇಳು, ಈಗ ನಿನಗೆ ಅರ್ಥವಾಗುವ ವಯಸ್ಸು.

ಮರಿಯಾ ಮಾಂಟೆಸ್ಸರಿ ಇಟಲಿಯವರು, ಓದಿದ್ದು ಡಾಕ್ಟರಿಕೆ. ರೋಮ್ ನಗರದಲ್ಲಿ ಸಾನ್ ಲೊರೆಂಜೊ ಅಂತ ಬಡವರ ಕೇರಿ. ಅಪ್ಪ ಅಮ್ಮ ಕೂಲಿಗೆ ಹೋದ ಮೇಲೆ ಮಕ್ಕಳು ಮೆಟ್ಟಿಲು, ಗೋಡೆಗಳ ಮೇಲೆಲ್ಲ ಗೀಚಿ ಹಾಳು ಮಾಡುತ್ತವೆ, ಯಾರಾದರೂ ನೋಡಿಕೊಳ್ಳಲಿ ಎಂದು ಕಟ್ಟಡದವರು ಒಂದು ಕೋಣೆ ಬಿಟ್ಟುಕೊಟ್ಟರು. 1907ರ ಜನವರಿ 6ರಂದು ಅದು ಶುರುವಾಯಿತು. ಅದಕ್ಕೆ ಇಟ್ಟ ಹೆಸರು 'ಮಕ್ಕಳ ಮನೆ'. ಶಾಲೆ ಇದ್ದದ್ದು ಅವರ ಮನೆಗಳಿದ್ದ ಕಟ್ಟಡದೊಳಗೇ. ಮಕ್ಕಳನ್ನು ಶುಚಿಯಾಗಿ ಕಳಿಸುವುದು, ವಾರಕ್ಕೊಮ್ಮೆಯಾದರೂ ಬಂದು ಟೀಚರ್ ಹತ್ತಿರ ಮಾತಾಡುವುದು ತಾಯಂದಿರ ಪಾಲಿನ ಕೆಲಸ. ಇಷ್ಟು ಹೇಳುವಾಗಲೇ ಅಜ್ಜಿ, "ಎಸ್ಟೇಟ್ ಲೈನ್ ಇದ್ದಂಗೆ ಅನ್ನು" ಅಂದರು. ಅಜ್ಜ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಕಾಲದಲ್ಲಿ, ಹಣ್ಣು ಕುಯ್ಯಲು ಹೋದ ಹೆಂಗಸರ ಮಕ್ಕಳು ದಿನವಿಡೀ ಕೂಲಿಯವರ ಸಾಲುಮನೆಗಳ, ಅಂದರೆ ಲೈನ್ ಮನೆಗಳ ಮುಂದೆ ಹೇಗಿರುತ್ತಿದ್ದವು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

1939ರಲ್ಲಿ ಮಾಂಟೆಸ್ಸರಿ ಮದ್ರಾಸಿನ ಅಡ್ಯಾರಿಗೆ ಬಂದರು, ಇಲ್ಲಿನ ಶಿಕ್ಷಕರಿಗೆ ತರಬೇತಿ ಕೊಡಲು. ಜೊತೆಗೆ ಮಗ ಮಾರಿಯೊ. ಮರುವರ್ಷ ಇಟಲಿ ಬ್ರಿಟನ್ ವಿರುದ್ಧ ಯುದ್ಧಕ್ಕಿಳಿಯಿತು. ಬ್ರಿಟಿಷರ ಕಣ್ಣಿಗೆ ಇವರು ಶತ್ರು ದೇಶದವರಾದರು. ಮಗನನ್ನು ಬಂಧನದಲ್ಲಿಟ್ಟರು. 1940ರ ಆಗಸ್ಟ್ 31ಕ್ಕೆ ತಾಯಿಗೆ 70 ತುಂಬಿತು, ಆ ದಿನ ಮಗನನ್ನು ಬಿಟ್ಟರು. 1946ರವರೆಗೆ ಅವರಿಬ್ಬರೂ ನಮ್ಮ ದೇಶದಲ್ಲೇ ಉಳಿದರು, ನೂರಾರು ಶಿಕ್ಷಕರನ್ನು ತಯಾರು ಮಾಡಿದರು. ಅಜ್ಜಿ ಕೊನೆಗೆ ಕೇಳಿದ್ದು ಒಂದೇ, "ಎಪ್ಪತ್ತು ವರ್ಷದ ಹೆಂಗಸು, ಮಗ ಜೈಲಲ್ಲಿ, ಅಂಥದ್ರಲ್ಲೂ ಪಾಠ ಮಾಡಿದಳಾ?" ಆಮೇಲೆ ಫೀಸಿನ ಮಾತು ಎತ್ತಲಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಾಂಟೆಸ್ಸರಿ ಅನ್ನುವ ಹೆಸರು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬೋರ್ಡಿಗೆ ಬರೆಸಬಹುದು. ನೀನು ದೊಡ್ಡವಳಾಗಿ ಇಂಥ ಶಾಲೆ ಹುಡುಕುವ ದಿನ ಬಂದರೆ ಬೋರ್ಡ್ ನೋಡಬೇಡ. ಒಳಗೆ ಹೋಗಿ ಹತ್ತು ನಿಮಿಷ ಮೂಲೆಯಲ್ಲಿ ಸುಮ್ನೆ ಕೂತು, ಅಲ್ಲಿ ದೊಡ್ಡವರ ದನಿ ಜಾಸ್ತಿಯೋ ಮಕ್ಕಳ ಕೆಲಸ ಜಾಸ್ತಿಯೋ ನೋಡು.

ನಿನ್ನ ನಾಲ್ಕನೇ ಹುಟ್ಟುಹಬ್ಬ ನೆನಪಿದೆಯಾ? ಕೇಕ್ ಇರಲಿಲ್ಲ. ನಡುವೆ ಒಂದು ದೀಪ, ಅದೇ ಸೂರ್ಯ. ನೀನು ಪುಟ್ಟ ಭೂಗೋಳವನ್ನು ಎರಡೂ ಕೈಯಲ್ಲಿ ಹಿಡಿದು ಅದರ ಸುತ್ತ ನಡೆಯಬೇಕು, ವರ್ಷಕ್ಕೊಂದು ಸುತ್ತು. ಒಂದೊಂದು ಸುತ್ತಿಗೂ ಆ ವರ್ಷ ಏನಾಯಿತು ಎಂದು ನಾನು ಹೇಳಬೇಕು. ಮೊದಲ ಸುತ್ತು ಸಲೀಸಾಗಿ ಆಯಿತು. ಎರಡನೆಯದು ಅಜ್ಜ ತೀರಿಕೊಂಡ ವರ್ಷ. "ಆ ವರ್ಷ ಇವಳ ಅಜ್ಜ..." ಅಂದವಳಿಗೆ ಮುಂದೆ ಮಾತೇ ಬರಲಿಲ್ಲ. ಯಾರೂ ಗಡಿಬಿಡಿ ಮಾಡಲಿಲ್ಲ. ನೀನು ಭೂಗೋಳ ಹಿಡಿದು ನಿಂತಲ್ಲೇ ಕಾದೆ. ಐದು ವರ್ಷದ ಒಬ್ಬ ಹುಡುಗ ಎದ್ದು ಹೋಗಿ, ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ತಂದ. ಒಂದು ಹನಿ ಚೆಲ್ಲಲಿಲ್ಲ. ಕೊಟ್ಟು, ಹೋಗಿ ತನ್ನ ಜಾಗದಲ್ಲಿ ಕೂತ. ನೀರು ಬಗ್ಗಿಸುವುದನ್ನು ಅಲ್ಲಿ ಯಾಕೆ ಅಷ್ಟು ಸಲ ಮಾಡಿಸುತ್ತಾರೆ ಎಂದು ಆಮೇಲೆ ನಾನು ಯಾರನ್ನೂ ಕೇಳಲಿಲ್ಲ.

ಕೊನೆಯ ವರ್ಷ ನಿಮಗೆ ಪೂರ್ತಿ ಸಿಗಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ನಿಮ್ಮ ಬ್ಯಾಚಿಗೆ ಬೀಳ್ಕೊಡುಗೆ ಕೂಡ ಆಗಲಿಲ್ಲ. ಆಂಟಿ ವಾರಕ್ಕೊಮ್ಮೆ ಪ್ರತಿ ಮನೆಗೂ ಫೋನ್ ಮಾಡುತ್ತಿದ್ದರು. ನೀನು ಆಗ ಲೆಕ್ಕ ಕಲಿಯುವ ಚಿನ್ನದ ಬಣ್ಣದ ಮಣಿಗಳ ಕೆಲಸದಲ್ಲಿದ್ದೆ. ಬಿಡಿ ಮಣಿ ಒಂದು, ಹತ್ತು ಮಣಿಯ ಸರಳು, ನೂರರ ಚೌಕ, ಸಾವಿರದ ಘನ. ಮನೆಯಲ್ಲಿ ಮಣಿ ಎಲ್ಲಿಂದ ತರುವುದು? ಅಪ್ಪ ಕಾಫಿ ಹದ ಮಾಡುವ ಕ್ಯೂರಿಂಗ್‌ನಿಂದ ಹಿಂದೆ ಯಾವತ್ತೋ ತಂದಿಟ್ಟಿದ್ದ, ಹೊಟ್ಟು ತೆಗೆಯದ ಪಾರ್ಚ್‌ಮೆಂಟ್ ಕಾಫಿ ಬೀಜ ಕೊಟ್ಟರು. ನಡುಮನೆಯಲ್ಲಿ ಚಾಪೆ ಹಾಸಿ ಹತ್ತತ್ತು ಬೀಜದ ಸಾಲು ಜೋಡಿಸಿದೆ. ಹತ್ತು ಸಾಲಿಗೆ ನೂರು. ಸಾವಿರಕ್ಕೆ ಮುಟ್ಟಲು ಮೂರು ದಿನ ಹಿಡಿಯಿತು. ಇನ್ನೊಬ್ಬರ ಚಾಪೆಯನ್ನು ತುಳಿಯಬಾರದು, ದಾಟಬಾರದು, ಸುತ್ತಿ ಹೋಗಬೇಕು ಎಂದು ನೀನೇ ನಮಗೆಲ್ಲ ಹೇಳಿದೆ. ಅಜ್ಜಿ ಮಂಡಿನೋವು ಇಟ್ಟುಕೊಂಡೇ ಮೂರು ದಿನ ಗೋಡೆ ಹಿಡಿದು ಸುತ್ತಿ ಸುತ್ತಿ ದೇವರ ಕೋಣೆಗೆ ಹೋದರು. ಅಪ್ಪ ಊಟದ ತಟ್ಟೆ ಹಿಡಿದು ಅಡುಗೆಮನೆಯಲ್ಲೇ ಕೂತರು. ಎಲ್ಲರಿಗೂ ಭಯ ತುಂಬಿದ್ದ ದಿನಗಳು ಅವು. ನಮ್ಮ ಮನೆ ನಡುವೆ ಮಾತ್ರ ಸಾವಿರ ಬೀಜ ಸಾಲಾಗಿ ಕೂತಿದ್ದವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸೋಮವಾರ ಆಂಟಿ ಫೋನ್ ಮಾಡಿದ್ದರು. ಉಪ್ಪುಕಾಗದ ಕತ್ತರಿಸಿ ಹಲಗೆಗೆ ಅಂಟಿಸಿದ ಕನ್ನಡ ಅಕ್ಷರಗಳು ಸವೆದು ನುಣ್ಣಗಾಗಿವೆಯಂತೆ. ನೀನು ಎರಡು ಬೆರಳಿನಿಂದ ತಿದ್ದಿದ ಅದೇ ಅಕ್ಷರಗಳು. ಅವನ್ನು ನಾವು ಅಪ್ಪ ಅಮ್ಮಂದಿರೇ ಒಂದು ಭಾನುವಾರ ಕೂತು ಮಾಡಿದ್ದು, ನಿನಗೆ ಗೊತ್ತಿರಲಿಕ್ಕಿಲ್ಲ. ಒಟ್ಟು 49. ಸ್ವರಗಳಿಗೆ ನೀಲಿ ಹಲಗೆ, ವ್ಯಂಜನಗಳಿಗೆ ಗುಲಾಬಿ. ಒಬ್ಬರು ಬಸ್ ಕಂಡಕ್ಟರ್, ಒಬ್ಬರು ನರ್ಸ್, ಇಬ್ಬರು ತೋಟದವರು, ಒಬ್ಬರು ಬಡಗಿ. 'ಋ' ಬರೆಯುವಾಗ ಎಲ್ಲಿಂದ ಶುರು ಮಾಡಬೇಕು ಎಂದು ಅರ್ಧ ಗಂಟೆ ಚರ್ಚೆ ನಡೆಯಿತು. ಬೆರಳು ಹೋದ ದಾರಿಯಲ್ಲೇ ಮುಂದೆ ಪೆನ್ಸಿಲ್ ಹೋಗುತ್ತದೆ, ಹಾಗಾಗಿ ತಪ್ಪು ಕಡೆಯಿಂದ ಶುರು ಮಾಡುವ ಹಾಗಿಲ್ಲ. ಬಡಗಿ ಕೆಲಸದ ಆ ಅಪ್ಪ ಇಡೀ ದಿನ ಹೆಚ್ಚು ಮಾತಾಡಲಿಲ್ಲ. ಹಲಗೆಯ ಅಂಚು ಉಜ್ಜುವುದು, ತನ್ನ ಕೆನ್ನೆಗೆ ಒತ್ತಿ ಎಳೆದು ನೋಡುವುದು, ಸಿಬಿರು ತಾಕಿದರೆ ಮತ್ತೆ ಉಜ್ಜುವುದು. ನಲವತ್ತೊಂಬತ್ತು ಹಲಗೆಯನ್ನೂ ಹಾಗೇ ಕೆನ್ನೆಗೆ ಹಿಡಿದು ನೋಡಿದರು. ಅವರ ಮಗ ಆಗಲೇ ಶಾಲೆ ಮುಗಿಸಿ ಒಂದನೇ ಕ್ಲಾಸಿಗೆ ಸೇರಿಯಾಗಿತ್ತು.

ಈ ಭಾನುವಾರ ಮತ್ತೆ ಎಲ್ಲರೂ ಸೇರುತ್ತಿದ್ದೇವೆ. ಹಲಗೆಗಳು ಇನ್ನೂ ಗಟ್ಟಿಯಾಗಿವೆ, ಹಳೇ ಕಾಗದ ಕಿತ್ತು ಹೊಸದು ಅಂಟಿಸಬೇಕು. ಜೂನ್‌ನಲ್ಲಿ ಹೊಸ ಮಕ್ಕಳು ಬರುತ್ತವೆ. ಆ ಬಡಗಿ ಅಪ್ಪನೂ ಬರುತ್ತಾರಂತೆ. ನಿನ್ನನ್ನು ಕರೆದುಕೊಂಡು ಬನ್ನಿ ಎಂದು ಆಂಟಿ ಎರಡು ಸಲ ಹೇಳಿದರು. ಆದರೆ ನಿನಗೆ ರಜೆ, ಅಲ್ಲಿ ಜೊತೆಗಾರರಿದ್ದಾರೆ, ಮಾವಿನಹಣ್ಣಿದೆ. ಬರುವುದು ಬಿಡುವುದು ನೀನೇ ಯೋಚನೆ ಮಾಡು, ನಾನು ಬಲವಂತ ಮಾಡುವುದಿಲ್ಲ.

ಬರುವುದಾದರೆ ಶನಿವಾರ ಸಂಜೆಯ ಬಸ್ಸಿಗೆ ಅತ್ತೆ ಹತ್ತಿಸುತ್ತಾರೆ, ನಾನು ಸ್ಟ್ಯಾಂಡಿನಲ್ಲಿ ಇರುತ್ತೇನೆ. ಮಳೆ ಶುರುವಾಗಿದೆ, ಛತ್ರಿ ಮರೆಯಬೇಡ. ಕತ್ತರಿ ನಮ್ಮ ನಮ್ಮದೇ ತರಬೇಕಂತೆ, ಅಂಟು ಅವರ ಹತ್ತಿರ ಇದೆ. ನಿನಗೆ 'ಳ' ಎತ್ತಿಡಿ ಎಂದು ಹೇಳಿದ್ದೇನೆ.

ನಿನ್ನ
ಅಮ್ಮ