ಗುಂಡುಗಳೆಷ್ಟು ಎಂದಲ್ಲ, ತೋಟೆ ತುಂಬುವವರು ಯಾರು?

ಸಂಪಾದಕರೇ,

ಚುನಾವಣೆ ಬಂತೆಂದರೆ ಹೆಬ್ರಿ, ಕಾರ್ಕಳದ ಕಡೆ ಬೆಳೆ ರಕ್ಷಣೆಯ ಕೋವಿಗಳು ಠಾಣೆ ಸೇರುತ್ತವೆ. ಆಗೆಲ್ಲ ಸುದ್ದಿಗಳಲ್ಲಿ ಮ್ಯಾಗಜೀನ್ (ತೋಟೆ ತುಂಬಿಡುವ ಪೆಟ್ಟಿಗೆ) ಕಂಡ ರೈಫಲ್‌ಗೆಲ್ಲ ‘ಆಟೋಮ್ಯಾಟಿಕ್’ ಎಂದು ಬರೆಯುವುದುಂಟು. ಇದು ತಪ್ಪು.

1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಸೆಕ್ಷನ್ ಆಟೋಮ್ಯಾಟಿಕ್ ಬಗೆಯ ನಿಷೇಧಿತ ಆಯುಧವನ್ನು ಗುರುತಿಸುವುದು ಟ್ರಿಗರ್‌ನಿಂದ: ಒತ್ತಿ ಹಿಡಿದರೆ, ಬಿಡುವವರೆಗೆ ಅಥವಾ ಮ್ಯಾಗಜೀನ್ ಖಾಲಿಯಾಗುವವರೆಗೆ ಗುಂಡು ಹಾರುತ್ತಲೇ ಇರಬೇಕು. ‘ಸೆಮಿ ಆಟೋಮ್ಯಾಟಿಕ್’ಗೆ (ಅರೆ ಸ್ವಯಂಚಾಲಿತ) ಆ ಸೆಕ್ಷನ್‌ನಲ್ಲಿ ಪ್ರತ್ಯೇಕ ವ್ಯಾಖ್ಯೆಯೇ ಇಲ್ಲ, ಆ ಪದ ಬರುವುದು 2016ರ ಶಸ್ತ್ರಾಸ್ತ್ರ ನಿಯಮಗಳ ವರ್ಗೀಕರಣ ಪಟ್ಟಿಯಲ್ಲಿ. ಗೊಂದಲದ ಬೇರು ಇಲ್ಲೇ.

‘ಒಂದು ಒತ್ತಿಗೆ ಒಂದು ಗುಂಡು’ ಎಂಬಷ್ಟೇ ಅಳತೆಗೋಲಾದರೆ ನಮ್ಮ ಜೋಡುನಳಿಗೆಯ ತೋಟೆ ಕೋವಿಯೂ ಸೆಮಿ ಆಟೋಮ್ಯಾಟಿಕ್ ಆಗಿಬಿಡುತ್ತದೆ! ನೋಡಬೇಕಾದದ್ದು ಆ್ಯಕ್ಷನ್, ಅಂದರೆ ಖಾಲಿ ಚಿಪ್ಪು ತೆಗೆದು ಹೊಸ ತೋಟೆ ತುಂಬುವ ಬಗೆ. ಬೋಲ್ಟ್ ರೈಫಲ್‌ನಲ್ಲಿ ಹಿಡಿಯನ್ನು ಮೇಲೆತ್ತಿ, ಹಿಂದೆಳೆದು, ಮುಂದೆ ನೂಕಿ, ಕೆಳಗೆ ತಿರುಗಿಸಬೇಕು. ಖಾಲಿ ಚಿಪ್ಪು ಹೊರಬೀಳುವುದೂ ಹೊಸ ತೋಟೆ ಒಳಸೇರುವುದೂ ಕೈಬಲದಿಂದ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಅದೇ ಕೆಲಸವನ್ನು ಸಿಡಿದ ಗುಂಡಿನ ಅನಿಲವೋ ಹಿಂದೊದೆತವೋ ಮಾಡುತ್ತದೆ. ಬೆರಳು ಬಿಟ್ಟು ಮತ್ತೆ ಒತ್ತದೆ ಮುಂದಿನ ಗುಂಡಿಲ್ಲ. ಡಬಲ್ ಆ್ಯಕ್ಷನ್ ರಿವಾಲ್ವರ್‌ನ ಸಿಲಿಂಡರ್ ತಿರುಗಿಸುವುದು ಟ್ರಿಗರ್ ಒತ್ತುವ ಬೆರಳೇ, ಹಾಗಾಗಿ ಅದು ಈ ಗುಂಪಿಗೆ ಸೇರದು.

ಹತ್ತು ತೋಟೆ ಹಿಡಿಯುವ ಬೋಲ್ಟ್ ರೈಫಲ್ ಕೂಡ ಬೋಲ್ಟ್ ರೈಫಲೇ. ಠಾಣೆಯ ರಸೀದಿಯಲ್ಲಿ ಕ್ರಮಸಂಖ್ಯೆ, ಬೋರ್ (ನಳಿಗೆಯ ಒಳ ಅಳತೆ) ಜತೆಗೆ ಆ್ಯಕ್ಷನ್ ಯಾವುದೆಂದೂ ಬರೆಸಿಕೊಳ್ಳಿ. ವರದಿಗಾರರೂ ಅದನ್ನೇ ಕೇಳಲಿ.

– ಓದುಗ, ಕಾರ್ಕಳ, ಉಡುಪಿ ಜಿಲ್ಲೆ