ಹನ್ನೊಂದು ಹೆಜ್ಜೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಸಮಾಜ ಕಾರ್ಯಕರ್ತೆಯಾಗಿ ನೀನು ನೋಡಿಕೊಳ್ಳುತ್ತಿರುವ, ಮನೆಯಲ್ಲಿ ಪೆಟ್ಟು ತಿಂದ ಹುಡುಗಿಯ ಬಗ್ಗೆ ನೀನು ಬರೆದ ಪತ್ರವನ್ನು ಎರಡು ಸಲ ಓದಿದೆ. ಪೆಟ್ಟು ತಿಂದದ್ದು ಆ ಹುಡುಗಿ, ನಿದ್ದೆ ಕೆಟ್ಟದ್ದು ನನಗೆ, ಹೇಳಿಕೊಳ್ಳಲೂ ನಾಚಿಕೆಯಾಗುತ್ತದೆ ಎಂದು ಬರೆದಿದ್ದೀಯ. ಆ ನಾಚಿಕೆಯನ್ನು ಮೊದಲು ಬಿಡು ಮಗಳೇ. ನನಗೂ ಹೀಗಾಗಿತ್ತು.

ನಾನೂ ನಿನ್ನದೇ ಕೆಲಸಕ್ಕೆ ಸೇರಿ ಆಗ ನಾಲ್ಕನೆಯ ವರ್ಷ. ಅಪ್ಪ ಮೆಟ್ಟಿಲು ಹತ್ತಿ ಬರುವಾಗ ಹೆಜ್ಜೆ ಎಣಿಸುತ್ತಿದ್ದೆ ಎಂದು ಒಬ್ಬ ಹುಡುಗ ನನಗೆ ಹೇಳಿದ. ಹನ್ನೊಂದು ಹೆಜ್ಜೆ, ಆಮೇಲೆ ಬಾಗಿಲು. ಹೇಳುತ್ತಾ ಹೇಳುತ್ತಾ ಅಂಗಿಯ ಗುಂಡಿಯನ್ನು ತಿರುಚುತ್ತಿದ್ದ. ಕೊನೆಗೆ ಅದು ಕಿತ್ತು ಅವನ ಕೈಗೇ ಬಂತು. ನಾನು ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದುಕೊಂಡೆ. ಕೆಲವು ವಾರಗಳ ನಂತರ ಒಂದು ಸಂಜೆ, ನಿನ್ನ ದೊಡ್ಡಪ್ಪ ಮೆಟ್ಟಿಲು ಹತ್ತುವುದನ್ನು ನಾನು ಎಣಿಸುತ್ತಿದ್ದೇನೆ ಎಂಬುದು ಅರಿವಿಗೆ ಬಂತು. ಯಾರ ಮೇಲೂ ಕೈ ಎತ್ತಿದವರಲ್ಲ ಅವರು. ಆದರೂ ನನ್ನ ಎದೆ ಬಿಗಿದುಕೊಂಡಿತ್ತು.

ಆಗ ಇದಕ್ಕೊಂದು ಹೆಸರಿದೆ ಎಂದೇ ನನಗೆ ತಿಳಿದಿರಲಿಲ್ಲ. ಬೇರೆಯವರು ಅನುಭವಿಸಿದ ಆಘಾತವನ್ನು ಕೇಳಿ ಕೇಳಿ ನಮ್ಮಲ್ಲೂ ಹುಟ್ಟುವ ಇದನ್ನು ದ್ವಿತೀಯ ಆಘಾತದ ಒತ್ತಡ ಎನ್ನುತ್ತಾರೆ. 1995ರಲ್ಲಿ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಫಿಗ್ಲಿ ಇದರ ಬಗ್ಗೆ ವಿವರವಾಗಿ ಬರೆದರು. 2007ರಲ್ಲಿ ಸಂಶೋಧಕ ಬ್ರಯಾನ್ ಬ್ರೈಡ್ ಅಮೆರಿಕದ ಸಮಾಜ ಕಾರ್ಯಕರ್ತರ ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ಶೇ 70ರಷ್ಟು ಮಂದಿ ಹಿಂದಿನ ಒಂದೇ ವಾರದಲ್ಲಿ ಇದರ ಒಂದಾದರೂ ಲಕ್ಷಣವನ್ನು ಅನುಭವಿಸಿದ್ದರು. ಬೆಚ್ಚಿ ಬೀಳುವುದು, ಕೇಳಿದ ದೃಶ್ಯ ಕಣ್ಣ ಮುಂದೆ ಬರುವುದು, ಮನಸ್ಸು ಮರಗಟ್ಟುವುದು, ಎಲ್ಲವೂ ಆ ಪಟ್ಟಿಯಲ್ಲಿವೆ. ಇದು ಕೆಲಸದಿಂದ ಆದ ಗಾಯ.

ನಿದ್ದೆಗಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ನಿನ್ನ ಪತ್ರದ ಕೊನೆಯ ಸಾಲು: ಆ ಮನೆಯ ಭೇಟಿಯನ್ನು ಮುಂದಿನ ವಾರಕ್ಕೆ ಹಾಕಿದ್ದೇನೆ. ನಾನೂ ಹಾಗೆ ಮುಂದೂಡಿದ್ದೆ, ಮೂರು ಸಲ. ಪ್ರತಿ ಸಲವೂ ಒಪ್ಪುವಂಥ ಕಾರಣವೇ ಇತ್ತು. ಕೊನೆಗೆ ಹೋದಾಗ ಆ ಹುಡುಗ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಅದಕ್ಕಾಗಿ ಇಂದಿಗೂ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ. ದೂರ ಸರಿಯುವುದೂ ಈ ಗಾಯದ ಲಕ್ಷಣವೇ ಹೌದು, ಆದರೆ ಅದರ ಬೆಲೆ ತೆರುವುದು ಆ ಮಗು.

ಹಾಗಾಗಿ ನಾಳೆಯೇ ನಿನ್ನ ಮೇಲ್ವಿಚಾರಕರ ಬಳಿ ಹೋಗು. ನಿದ್ದೆಯ ಬಗ್ಗೆಯೂ ಮುಂದೂಡಿದ ಭೇಟಿಯ ಬಗ್ಗೆಯೂ ಮುಚ್ಚಿಡದೆ ಹೇಳು. ಆ ಮನೆಗೆ ಸಹೋದ್ಯೋಗಿಯೊಬ್ಬರನ್ನು ಜೊತೆಗೆ ಕಳುಹಿಸಲಿ. ಹಿಂಸೆಯ ಪ್ರಕರಣಗಳೆಲ್ಲ ನಿನ್ನ ಮೇಜಿಗೇ ಬರುತ್ತಿದ್ದರೆ ಅವನ್ನು ಹಂಚಬೇಕೆಂದು ಲಿಖಿತವಾಗಿ ಕೇಳು. ಕ್ರಮೇಣ ಅಭ್ಯಾಸವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ನಾನು ಅಭ್ಯಾಸ ಎಂದುಕೊಂಡಿದ್ದು ಮರಗಟ್ಟಿದ ಮನಸ್ಸನ್ನು. ಧ್ಯಾನ, ನಡಿಗೆ ಒಳ್ಳೆಯವೇ, ಆದರೆ ಹೊರೆ ಇಳಿಸಬೇಕಾದ ಕಚೇರಿ ಅವನ್ನಷ್ಟೇ ಹೇಳಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಇಷ್ಟಾದರೂ ರಾತ್ರಿಗಳು ಹೀಗೆಯೇ ಇದ್ದರೆ, ಆಘಾತದ ಚಿಕಿತ್ಸೆ ತಿಳಿದ ಆಪ್ತಸಮಾಲೋಚಕರನ್ನು ಕಾಣು, ತಡಮಾಡಬೇಡ.

ಭೇಟಿಯ ದಿನ ಗೊತ್ತಾದ ಕೂಡಲೇ ನನಗೆ ಫೋನ್ ಮಾಡು. ಹೋಗಿ ಬಂದ ಮೇಲೂ ಮಾಡು. ಆ ಮನೆಯಲ್ಲಿ ಏನು ಕೇಳಿದೆ ಎಂದು ನಾನು ವಿಚಾರಿಸುವುದಿಲ್ಲ. ನೀನು ಹೇಗಿದ್ದೀಯ ಎಂದು ತಿಳಿದರೆ ಸಾಕು.

ನಿನ್ನ
ದೊಡ್ಡಮ್ಮ