ತಂಗಿಗೆ 70 ಆಯ್ತು, ಅಕ್ಕನಿಗೆ ಇನ್ನೂ 66!

ಮಾನ್ಯರೇ,

ಆಯುಷ್ಮಾನ್ ವಯ ವಂದನಾ ಕಾರ್ಡ್ ಯೋಜನೆ ಶುರುವಾಗಿದ್ದು 2024ರ ಅಕ್ಟೋಬರ್ 29ರಂದು. 70 ತುಂಬಿದವರಿಗೆ ಈ ಕಾರ್ಡ್, ಆದಾಯ ಕೇಳುವುದಿಲ್ಲ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ನೋಂದಣಿಗೆ ಕೊನೆಯ ದಿನವೂ ಇಲ್ಲ. ಎಲ್ಲಾ ಸರಿ, ಆದರೆ ಲೆಕ್ಕಕ್ಕೆ ಬರುವುದು ಆಧಾರ್‌ನಲ್ಲಿರುವ ವಯಸ್ಸು ಮಾತ್ರ.

ನನ್ನ ಅಮ್ಮ ಅಂಕೋಲೆಯ ಪೇಟೆಯಲ್ಲಿ ಮೀನು ಮಾರಿ ನಮ್ಮನ್ನು ಸಾಕಿದವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆಧಾರ್ ಮಾಡಿಸುವಾಗ ಯಾರೋ ಮುಖ ನೋಡಿ ಅಂದಾಜಿಗೆ ಜನವರಿ 1 ಅಂತ ಬರೆದರು. ಚಿಕ್ಕಮ್ಮ ನಾಲ್ಕನೇ ಕ್ಲಾಸ್‌ವರೆಗೆ ಓದಿದ್ದಳು, ಶಾಲೆಯ ದಾಖಲೆ ಸಿಕ್ಕಿತು. ಈಗ ತಂಗಿಗೆ 70 ಆಗಿದೆ, ಅಕ್ಕನಿಗೆ ಇನ್ನೂ 66! ಕಾರ್ಡ್ ಮಾಡಿಸಲು ಹೋದರೆ, "ನಾಲ್ಕು ವರ್ಷ ಬಿಟ್ಟು ಬನ್ನಿ" ಎಂದರು. ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ, ಮಂಡಿ ನೋವು ನಾಲ್ಕು ವರ್ಷ ಕಾಯುತ್ತದಾ?

ಆಧಾರ್‌ನಲ್ಲಿ ಹುಟ್ಟಿದ ದಿನ ತಿದ್ದಿಸಲು ದಾಖಲೆ ಬೇಕು, ಅದೂ ಸಾಮಾನ್ಯವಾಗಿ ಒಂದೇ ಸಲ. ಕರಾವಳಿಯ ಎಷ್ಟು ಅಜ್ಜಿಯರ ಹತ್ತಿರ ಜನನ ಪತ್ರ ಇದೆ, ಹೇಳಿ? ದೊಡ್ಡ ಕಾಯಿಲೆ ಬಂದರೆ ನಾವು ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಓಡುವವರು. ಬಾಡಿಗೆ ಕಾರಿಗೇ ದುಡ್ಡು ಸಾಲದು.

ಜಿಲ್ಲಾಡಳಿತ ಪ್ರತಿ ತಾಲ್ಲೂಕಿನಲ್ಲೂ ಹಿರಿಯರಿಗಾಗಿ ವಯಸ್ಸು ತಿದ್ದುಪಡಿ ಶಿಬಿರ ಮಾಡಲಿ. ದಾಖಲೆ ಇಲ್ಲದವರಿಗೆ ಯಾವ ಪತ್ರ ಸಾಕು ಎಂದು ಅಲ್ಲೇ ಹೇಳಲಿ. ಹಾಗೆಯೇ ಈ ಕಾರ್ಡ್ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ಪಂಚಾಯಿತಿ ಬಾಗಿಲಲ್ಲಿ ದೊಡ್ಡಕ್ಷರದಲ್ಲಿ ಬರೆದು ಹಾಕಲಿ. ಮೊಬೈಲ್ ನೋಡಿ ತಿಳಿದುಕೊಳ್ಳಿ ಎಂದರೆ ಅಮ್ಮನಿಗೆ ಆಗುವುದಿಲ್ಲ.

— ಓದುಗರೊಬ್ಬರು, ಅಂಕೋಲಾ